ಎರಡನೆಯವಳ ಪಕ್ಷಪಾತ

ಎರಡನೆಯ ಭಾಗ ಎಂದರೆ ಸಾಕು, ಜನ ಮೂಗು ಮುರಿಯುತ್ತಾರೆ. ಸಿನಿಮಾ ಥಿಯೇಟರಿಗೆ ಬರುವ ಮುಂಚೆಯೇ ತೀರ್ಪು ತಯಾರಾಗಿರುತ್ತದೆ: "ಮೊದಲನೇದರಷ್ಟು ಚೆನ್ನಾಗಿಲ್ಲ." ನೋಡಿ ಬಂದವರು ಹೀಗೆ ಹೇಳುತ್ತಾರೆ, ನೋಡದವರು ಇನ್ನೂ ಖಚಿತವಾಗಿ ಹೇಳುತ್ತಾರೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಚುರ್ ಎನ್ನುತ್ತದೆ. ಸಿನಿಮಾದ ಮೇಲಿನ ಮಮತೆ ಒಂದು ಕಡೆ ಇರಲಿ, ಇದು ನನ್ನ ಸ್ವಂತದ ವಿಷಯ. ನಾನು ನಮ್ಮ ಮನೆಯಲ್ಲಿ ಎರಡನೆಯವಳು.

ಎರಡನೆಯವರಾಗಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕನ ಲಂಗದ ಅಂಚು ಬಿಚ್ಚಿ, ಮತ್ತೆ ಮಡಿಸಿ ಹೊಲಿದದ್ದು ನನಗೆ. ಅಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆದ ಸಮಾಜ ಪುಸ್ತಕ ನನಗೆ. ಗೆರೆಯ ಮೇಲಿನದಷ್ಟನ್ನೇ ಓದಿ ನಾನು ಪಾಸಾಗಿದ್ದೂ ಉಂಟು. ಹೊಸ ತರಗತಿಯಲ್ಲಿ ಹಾಜರಿ ಕೂಗುವ ಟೀಚರು ತಲೆಯೆತ್ತಿ, "ಓ, ನೀನು ಅವಳ ತಂಗಿಯಾ?" ಎನ್ನುತ್ತಿದ್ದರು. ಅದರಲ್ಲಿ ಪ್ರಶ್ನೆಗಿಂತ ನಿರೀಕ್ಷೆ ಜಾಸ್ತಿ, ನಿರೀಕ್ಷೆಗಿಂತ ಅನುಮಾನ ಜಾಸ್ತಿ. ಹೀಗಾಗಿ ಜಗತ್ತಿನ ಎರಡನೆಯ ಭಾಗಗಳ ಪರವಾಗಿ ವಕಾಲತ್ತು ಹಾಕುವುದು ನನ್ನ ಹಣೆಬರಹವಾಯಿತು. ಹೆಚ್ಚಿನ ಕೇಸುಗಳಲ್ಲಿ ಕಕ್ಷಿದಾರರೇ ಕೈಕೊಡುತ್ತಾರೆ, ಆ ಮಾತು ಬೇರೆ. ಆದರೆ ಒಂದು ಕೇಸನ್ನು ಮಾತ್ರ ಯಾವ ಕೋರ್ಟಿಗೆ ಬೇಕಾದರೂ ಒಯ್ಯಲು ಸಿದ್ಧಳಿದ್ದೇನೆ: 1999ರ 'ಟಾಯ್ ಸ್ಟೋರಿ 2'.

ಎದುರು ಪಕ್ಷದ ವಕೀಲೆ ನಮ್ಮಕ್ಕನೇ. ಅವಳಿಗೆ 1995ರ ಮೊದಲನೆಯ 'ಟಾಯ್ ಸ್ಟೋರಿ'ಯೇ ಮೇಲು. ನಾವು ಅದನ್ನು ನೋಡಿದ್ದು ಮೈಸೂರಿನಲ್ಲಿ, ಚಿಕ್ಕಪ್ಪನ ಮನೆಯ ಕಂಪ್ಯೂಟರಿನಲ್ಲಿ, ಬಾಡಿಗೆಗೆ ತಂದ ವಿಸಿಡಿ ಹಾಕಿ. ಆಗ ಒಂದು ಸಿನಿಮಾಕ್ಕೆ ಎರಡು ಸಿಡಿ ಇರುತ್ತಿದ್ದವು. ಮೊದಲನೆಯದು ನೀಟಾಗಿ ಓಡುತ್ತಿತ್ತು; ಎರಡನೆಯದರ ಮೈತುಂಬ ಗೀರು. ಅಕ್ಕ ಅದನ್ನು ಫ್ರಾಕಿನ ತುದಿಯಿಂದ ಒರೆಸಿ ಮತ್ತೆ ಹಾಕುತ್ತಾ, "ಎರಡನೇದರ ಹಣೆಬರಹವೇ ಇಷ್ಟು" ಎಂದು ನನ್ನ ಮುಖ ನೋಡಿ ನಗುತ್ತಿದ್ದಳು. ಈಗ ಬೆಂಗಳೂರಿನ ಕಚೇರಿಯೊಂದರಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನೋಡಿಕೊಳ್ಳುವ ಅವಳು ಫೋನಿನಲ್ಲಿ ವಾದಕ್ಕಿಳಿದರೆ ಹೀಗಿರುತ್ತದೆ:

"ಲೇ, ಮೊದಲನೇದು ಇಲ್ದೆ ಎರಡನೇದು ಎಲ್ಲಿಂದ ಬರ್ತಿತ್ತೇ?"

"ಮೊದಲು ಬಂದ ಮಾತ್ರಕ್ಕೆ ಮೇಲಾಗ್ಬಿಡತ್ತೇನೇ ಅಕ್ಕ?"

"ಆಗತ್ತೆ. ಹತ್ತು ತಿಂಗಳ ಮಗುವಿಗೆ ನಡಿಯೋಕೆ ದಾರಿ ತೋರ್ಸೋರು ಯಾರೂ ಇಲ್ದಿದ್ರೂ ನಡೆದಿದ್ದು ನಾನು. ನೀನು ನನ್ನ ನೋಡ್ಕೊಂಡು ನಡೆದೆ."

ಅವಳ ಪಕ್ಷಕ್ಕೆ ಬಲವಿಲ್ಲ ಎನ್ನಲಾರೆ. 1995ರ ನವೆಂಬರ್ 22ರಂದು ಅಮೆರಿಕದಲ್ಲಿ ಬಿಡುಗಡೆಯಾದ 'ಟಾಯ್ ಸ್ಟೋರಿ' ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಪ್ರಮಾಣದ ಸಿನಿಮಾ. ಪಿಕ್ಸಾರ್ ಎಂಬ ಪುಟ್ಟ ಸಂಸ್ಥೆ, ಜಾನ್ ಲ್ಯಾಸೆಟರ್ ಎಂಬ ನಿರ್ದೇಶಕ, 81 ನಿಮಿಷದ ಕತೆ. ಒಂದೊಂದು ಚೌಕಟ್ಟಿನ ಚಿತ್ರವನ್ನು ಮೂಡಿಸಲು ಆಗಿನ ಯಂತ್ರಗಳು 45 ನಿಮಿಷದಿಂದ 30 ಗಂಟೆಯವರೆಗೆ ತಿನ್ನುತ್ತಿದ್ದವು. ಒಂದು ಸೆಕೆಂಡಿಗೆ ಅಂಥ 24 ಚೌಕಟ್ಟು ಬೇಕು. ಬೊಂಬೆಗಳ ಕತೆಯನ್ನೇ ಆರಿಸಿಕೊಂಡದ್ದರಲ್ಲೂ ಜಾಣತನವಿತ್ತು. ಆ ಕಾಲದ ಕಂಪ್ಯೂಟರಿಗೆ ಪ್ಲಾಸ್ಟಿಕ್ಕಿನ ಹೊಳಪು ಸಲೀಸು, ಮನುಷ್ಯರ ಚರ್ಮ, ಕೂದಲು ಮಹಾಕಷ್ಟ. ಆದ್ದರಿಂದಲೇ ಮೊದಲ ಸಿನಿಮಾದಲ್ಲಿ ಬೊಂಬೆಗಳೆಲ್ಲ ಜೀವಂತವಾಗಿವೆ, ಮನುಷ್ಯರು ಮಾತ್ರ ಪ್ಲಾಸ್ಟಿಕ್ಕಿನವರಂತೆ ಕಾಣುತ್ತಾರೆ. ಹುಡುಗ ಆ್ಯಂಡಿಯ ಹಳೆಯ ಕೌಬಾಯ್ ಬೊಂಬೆ ವುಡಿ. ಹುಟ್ಟುಹಬ್ಬಕ್ಕೆ ಬಂದ ಹೊಸ ಗಗನಯಾತ್ರಿ ಬೊಂಬೆ ಬಜ್. ಹೊಸದು ಬಂದಾಗ ಹಳೆಯದಕ್ಕೆ ಆಗುವ ಹೊಟ್ಟೆಕಿಚ್ಚು, ಕೊನೆಗೆ ಸ್ನೇಹ. ಇದು ಮೊದಲು ಹುಟ್ಟಿದವರ ಸಂಕಟದ ಕತೆ ಎಂದು ಬೇರೆ ಹೇಳಬೇಕೆ? ಅಕ್ಕನಿಗೆ ಅದು ಯಾಕೆ ಹಿಡಿಸಿತು ಎಂಬುದು ನನಗೆ ಚೆನ್ನಾಗಿ ಗೊತ್ತು. ಅವಳ ಪಾಲಿನ ಬಜ್ ನಾನೇ.

ಆದರೆ 'ಮೊದಲನೆಯದು' ಎಂಬ ಪಟ್ಟವೂ ಅಷ್ಟು ಗಟ್ಟಿಯಲ್ಲ. ಪಿಕ್ಸಾರ್ 1988ರಲ್ಲಿ 'ಟಿನ್ ಟಾಯ್' ಎಂಬ ಕಿರುಚಿತ್ರ ಮಾಡಿತ್ತು. ಬೊಂಬೆಯ ಕಣ್ಣಿಂದ ಒಂದು ಹಸುಗೂಸನ್ನು ನೋಡುವ ಆ ಚಿತ್ರಕ್ಕೆ ಆಸ್ಕರ್ ಬಂತು, ಅದರ ಎಳೆ ಹಿಡಿದು ಬೆಳೆಸಿದ್ದೇ 'ಟಾಯ್ ಸ್ಟೋರಿ'. ಅಂದರೆ ಮೊದಲನೆಯದಕ್ಕೂ ಒಬ್ಬಳು ಅಕ್ಕ ಇದ್ದಳು. ಇನ್ನೊಂದು ಗುಟ್ಟು: 1993ರ ನವೆಂಬರ್ 19ರಂದು, ತಯಾರಾದಷ್ಟನ್ನು ಡಿಸ್ನಿಯವರಿಗೆ ತೋರಿಸಿದಾಗ ಕೆಲಸವನ್ನೇ ನಿಲ್ಲಿಸಬೇಕಾಯಿತು. ವುಡಿ ಅದರಲ್ಲಿ ಎಷ್ಟು ಕೆಟ್ಟವನಾಗಿದ್ದನೆಂದರೆ ನೋಡಿದವರಿಗೆ ಅವನ ಮೇಲೆ ಕನಿಕರವೇ ಹುಟ್ಟುವಂತಿರಲಿಲ್ಲ. ಪಿಕ್ಸಾರ್‌ನಲ್ಲಿ ಆ ದಿನಕ್ಕೆ 'ಕರಾಳ ಶುಕ್ರವಾರ' ಎಂದೇ ಹೆಸರು. ಕತೆಯನ್ನು ಬಿಚ್ಚಿ ಮತ್ತೆ ಹೊಲಿದ ಮೇಲೆ ಈಗ ನಾವು ನೋಡುವ ಸಿನಿಮಾ ಬಂತು. ಹಾಗೆ ನೋಡಿದರೆ ಅದೂ ಎರಡನೆಯ ಪ್ರಯತ್ನವೇ.

ಎರಡನೆಯ ಭಾಗಗಳಿಗೆ ಕೆಟ್ಟ ಹೆಸರು ಬಂದದ್ದಕ್ಕೆ ಡಿಸ್ನಿಯ ಆ ಕಾಲದ ಲೆಕ್ಕಾಚಾರವೂ ಕಾರಣ. ಅವರು ಥಿಯೇಟರಿಗೆಂದು ಮಾಡಿದ ಅನಿಮೇಷನ್ ಚಿತ್ರಗಳಲ್ಲಿ ಮೊದಲ ಎರಡನೆಯ ಭಾಗ 1990ರ 'ದಿ ರೆಸ್ಕ್ಯೂಯರ್ಸ್ ಡೌನ್ ಅಂಡರ್', 1977ರ ಚಿತ್ರವೊಂದರ ಮುಂದುವರಿಕೆ. ಕೈಯಲ್ಲಿ ಬರೆದ ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುವ ಹೊಸ ವ್ಯವಸ್ಥೆಯನ್ನು ಪೂರ್ತಿಯಾಗಿ ಬಳಸಿದ ಮೊದಲ ಸಿನಿಮಾ ಅದು. ಆ ವ್ಯವಸ್ಥೆಯನ್ನು ಡಿಸ್ನಿಯ ಜೊತೆ ಸೇರಿ ಕಟ್ಟಿದ್ದು ಇದೇ ಪಿಕ್ಸಾರ್. ಚೆಂದದ ಚಿತ್ರ. ಆದರೆ 'ಹೋಮ್ ಅಲೋನ್' ಬಿಡುಗಡೆಯಾದ ದಿನವೇ ಬಂದು ಮಕಾಡೆ ಮಲಗಿತು. ನಾಲ್ಕು ವರ್ಷದ ನಂತರ 'ಅಲ್ಲಾದೀನ್'ನ ಮುಂದುವರಿದ ಭಾಗ 'ದಿ ರಿಟರ್ನ್ ಆಫ್ ಜಾಫರ್' ಥಿಯೇಟರಿನ ಮುಖವನ್ನೇ ನೋಡದೆ ನೇರವಾಗಿ ವಿಡಿಯೊ ಕ್ಯಾಸೆಟ್ಟಾಗಿ ಅಂಗಡಿಗೆ ಬಂತು. ಜೀನಿಯ ಪ್ರಾಣವೇ ಆಗಿದ್ದ ರಾಬಿನ್ ವಿಲಿಯಮ್ಸ್ ದನಿ ಅದರಲ್ಲಿ ಇರಲಿಲ್ಲ, ಚಿತ್ರಗಳಲ್ಲಿ ಮೊದಲಿನ ನಯ ಇರಲಿಲ್ಲ. ಆದರೂ ಕ್ಯಾಸೆಟ್ಟುಗಳು ಲಕ್ಷಗಟ್ಟಲೆ ಖರ್ಚಾದವು. ಅಲ್ಲಿಂದ ಮುಂದೆ ಡಿಸ್ನಿಗೆ ದಾರಿ ಸಿಕ್ಕಿತು: ಕಡಿಮೆ ದುಡ್ಡಿನಲ್ಲಿ ಮಾಡು, ಹಳೆಯ ಹೆಸರಿನಲ್ಲಿ ಮಾರು. ಅಕ್ಕನ ಲಂಗವಾದರೂ ಅಕ್ಕ ತೊಟ್ಟದ್ದೇ, ಅದೇ ಬಟ್ಟೆ. ಇಲ್ಲಿ ಬಟ್ಟೆಯೂ ಅಗ್ಗದ್ದು.

'ಟಾಯ್ ಸ್ಟೋರಿ 2' ಕೂಡ ಹೀಗೆ ನೇರ ಕ್ಯಾಸೆಟ್ಟಿಗೆಂದು ಶುರುವಾದದ್ದು. ಪಿಕ್ಸಾರ್‌ನ ಘಟಾನುಘಟಿಗಳೆಲ್ಲ 'ಎ ಬಗ್ಸ್ ಲೈಫ್' ಮಾಡುವುದರಲ್ಲಿ ಮುಳುಗಿದ್ದರು. ಇದನ್ನು ಬೇರೆ ತಂಡಕ್ಕೆ ವಹಿಸಲಾಗಿತ್ತು. ನಡುವೆ ಡಿಸ್ನಿಯವರು ಮನಸ್ಸು ಬದಲಿಸಿ, ಇದು ಥಿಯೇಟರಿಗೇ ಬರಲಿ ಎಂದರು. ಒಂದೇ ಸೂರಿನಡಿ ಒಂದು ಕೆಲಸಕ್ಕೆ ಒಂದು ಅಳತೆಗೋಲು, ಇನ್ನೊಂದಕ್ಕೆ ಇನ್ನೊಂದು ಎಂದು ಇಟ್ಟುಕೊಂಡರೆ ಮನೆ ಉಳಿಯುವುದಿಲ್ಲ ಎಂದು ಪಿಕ್ಸಾರ್‌ನ ಸ್ಥಾಪಕರಲ್ಲೊಬ್ಬರಾದ ಎಡ್ ಕ್ಯಾಟ್‌ಮಲ್ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಅದನ್ನು ಓದುವಾಗ ನನಗೆ ನಮ್ಮಮ್ಮನಿಗೆ ಒಂದು ಪ್ರತಿ ಕಳಿಸೋಣ ಎನಿಸಿತ್ತು.

ಈ ಪುಸ್ತಕದಲ್ಲೇ ಇರುವ ಇನ್ನೊಂದು ಪ್ರಸಂಗವನ್ನು ಅಕ್ಕನಿಗೆ ಹೇಳಿದಾಗ ಅವಳು ಫೋನಿನಲ್ಲೇ "ಅಯ್ಯೋ" ಎಂದು ಕೂತುಬಿಟ್ಟಳು. 1998ರಲ್ಲಿ, ಸಿನಿಮಾದ ಕೆಲಸ ನಡೆಯುತ್ತಿದ್ದಾಗ, ಯಾರೋ ಪಿಕ್ಸಾರ್‌ನ ಕಂಪ್ಯೂಟರಿಗೆ ಒಂದು ಚಿಕ್ಕ ಆಜ್ಞೆ ಕೊಟ್ಟರು: ಇಲ್ಲಿಂದ ಕೆಳಗೆ ಇರುವುದನ್ನೆಲ್ಲ ಅಳಿಸು, ಕೇಳಬೇಡ. ಕಂಪ್ಯೂಟರು ಹೇಳಿದ ಮಾತು ಕೇಳುವ ಮಗು, ಅಳಿಸತೊಡಗಿತು. ತಾಂತ್ರಿಕ ತಂಡದ ಓರೆನ್ ಜೇಕಬ್ ಪರದೆಯ ಮೇಲೆ ವುಡಿಯ ಕಡತಗಳನ್ನು ನೋಡುತ್ತಿದ್ದರಂತೆ. ಮೊದಲು ವುಡಿಯ ಟೋಪಿ ಮಾಯ, ಆಮೇಲೆ ಬೂಟು ಮಾಯ, ನೋಡನೋಡುತ್ತ ವುಡಿಯೇ ಮಾಯ. ಫೋನ್ ಮಾಡಿ ಯಂತ್ರದ ಪ್ಲಗ್ಗನ್ನೇ ಕೀಳಿ ಎಂದು ಕೂಗುವಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಿನಿಮಾ ಹೋಗಿತ್ತು. ಪರವಾಗಿಲ್ಲ, ಬ್ಯಾಕಪ್ ಇದೆಯಲ್ಲ ಎಂದು ತೆಗೆದು ನೋಡಿದರೆ ಅದೂ ಕೆಲಸ ಮಾಡುತ್ತಿರಲಿಲ್ಲ.

"ಬ್ಯಾಕಪ್ ತಗೊಳೋದನ್ನ ಎಲ್ರೂ ಮಾಡ್ತಾರೆ ಕಣೇ, ಅದು ವಾಪಸ್ ಬರತ್ತಾ ಅಂತ ಯಾರೂ ನೋಡಲ್ಲ" ಎಂದಳು ಅಕ್ಕ, ಹತ್ತಾರು ವರ್ಷದ ಅನುಭವದ ದನಿಯಲ್ಲಿ.

ಕೊನೆಗೆ ಸಿನಿಮಾ ಉಳಿದದ್ದು ಒಬ್ಬ ಬಾಣಂತಿಯಿಂದ. ತಾಂತ್ರಿಕ ಮೇಲ್ವಿಚಾರಕಿ ಗ್ಯಾಲಿನ್ ಸುಸ್ಮನ್ ಮಗು ಹುಟ್ಟಿದ ಮೇಲೆ ಮನೆಯಿಂದ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿಗೆ ಸಿನಿಮಾದ ನಕಲು ಆಗಾಗ ಹೋಗಿ ಸೇರುತ್ತಿತ್ತು. ಅವರೂ ಜೇಕಬ್ ಅವರೂ ಕಾರಿನಲ್ಲಿ ಹೋಗಿ, ಆ ಕಂಪ್ಯೂಟರಿಗೆ ಕಂಬಳಿ ಹೊದಿಸಿ, ಹಿಂದಿನ ಸೀಟಿನಲ್ಲಿ ಕೂರಿಸಿ, ಸೀಟ್‌ಬೆಲ್ಟ್ ಬಿಗಿದು, ಗುಂಡಿ ತಪ್ಪಿಸಿ ಮೆಲ್ಲಗೆ ಓಡಿಸಿಕೊಂಡು ಬಂದರಂತೆ. ಅದರಿಂದ ಸಿನಿಮಾ ಮರಳಿ ಬಂತು.

ಹೀಗೆ ಜೀವ ಹಿಡಿದು ಉಳಿಸಿದ ಸಿನಿಮಾವನ್ನು ಆಮೇಲೆ ಅವರೇ ಬಿಸಾಡಿದರು. ಇದು ನನ್ನ ವಾದದ ತಿರುಳು. 1998ರ ಕೊನೆಯಲ್ಲಿ 'ಎ ಬಗ್ಸ್ ಲೈಫ್' ಮುಗಿಸಿ ಬಂದ ಲ್ಯಾಸೆಟರ್ ಇದನ್ನು ಕೂತು ನೋಡಿದಾಗ ಕತೆಯೇ ಸತ್ತಿದೆ ಎನಿಸಿತು. ಡಿಸ್ನಿಯವರಿಗೆ ಇದ್ದದ್ದೇ ಸಾಕೆನಿಸಿತ್ತು, ಬಿಡುಗಡೆಯ ದಿನ ಮುಂದೆ ಹೋಗುವಂತಿರಲಿಲ್ಲ. ಒಂದು ವಾರಾಂತ್ಯ ಕೂತು ಕತೆಯನ್ನು ಹೊಸದಾಗಿ ಕಟ್ಟಿ, ಉಳಿದ 9 ತಿಂಗಳಲ್ಲಿ ಬಹುಮಟ್ಟಿಗೆ ಇಡೀ ಸಿನಿಮಾವನ್ನು ಮತ್ತೆ ಮಾಡಿದರು.

ಏನು ಕೆಟ್ಟಿತ್ತು? ಕತೆಯ ಹಂದರ ಹೀಗಿದೆ. ವುಡಿಯ ತೋಳು ಹರಿಯುತ್ತದೆ, ಆ್ಯಂಡಿ ಅವನನ್ನು ಬಿಟ್ಟು ಶಿಬಿರಕ್ಕೆ ಹೋಗುತ್ತಾನೆ. ಬೊಂಬೆ ಮಾರುವ ದುರಾಸೆಯವನೊಬ್ಬ ವುಡಿಯನ್ನು ಕದಿಯುತ್ತಾನೆ. ಆಗ ತಿಳಿಯುತ್ತದೆ, ವುಡಿ 1950ರ ದಶಕದ ಒಂದು ಟಿವಿ ಬೊಂಬೆಯಾಟದ ನಾಯಕನಂತೆ. ಸ್ಪುಟ್ನಿಕ್ ಹಾರಿದ ಮೇಲೆ ಮಕ್ಕಳಿಗೆಲ್ಲ ಗಗನಯಾತ್ರಿಗಳೇ ಬೇಕಾಗಿ ಆ ಆಟ ನಿಂತುಹೋಯಿತಂತೆ. ಅದೇ ಆಟದ ಜೆಸ್ಸಿ ಎಂಬ ಹುಡುಗಿ, ಒಂದು ಕುದುರೆ, ಡಬ್ಬಿಯಿಂದ ಎಂದೂ ಹೊರಬರದ ಒಬ್ಬ ಮುದುಕ ಬೊಂಬೆ ಅಲ್ಲಿದ್ದಾರೆ. ನಾಲ್ವರೂ ಸೇರಿದರೆ ಜಪಾನಿನ ಮ್ಯೂಸಿಯಂ ಕೊಳ್ಳುತ್ತದೆ. ವುಡಿ ಮ್ಯೂಸಿಯಮ್ಮಿಗೆ ಹೋಗುತ್ತಾನೋ, ಆ್ಯಂಡಿಯ ಕೋಣೆಗೆ ಹಿಂತಿರುಗುತ್ತಾನೋ? ಹಳೆಯ ಕತೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೂಸಿಗೂ ಗೊತ್ತಿತ್ತು. ಹಿಂತಿರುಗುವುದು ಖಂಡಿತ ಎಂದ ಮೇಲೆ ಕಾತರ ಎಲ್ಲಿಂದ ಬರಬೇಕು? ಹೋಗಿಬಿಡಲಿ ಎಂದು ನೋಡುವವರಿಗೂ ಒಮ್ಮೆ ಅನಿಸಬೇಕು. ಅದಕ್ಕಾಗಿ ಅವರು ಎರಡು ಸಂಗತಿ ಸೇರಿಸಿದರು. ಒಂದು, ಶುರುವಿನಲ್ಲಿ ಬರುವ ವೀಜಿ ಎಂಬ ಪೆಂಗ್ವಿನ್. ಸದ್ದು ಕೆಟ್ಟಿತೆಂದು ಶೆಲ್ಫಿನ ಮೇಲೆ ದೂಳು ತಿನ್ನುತ್ತ ಕೂತ ಬೊಂಬೆ. ಇನ್ನೊಂದು, ಜೆಸ್ಸಿಯ ಹಾಡು.

ರ‍್ಯಾಂಡಿ ನ್ಯೂಮನ್ ರಚಿಸಿ, ಸಾರಾ ಮೆಕ್ಲಾಕ್ಲನ್ ಹಾಡಿದ ಆ ಹಾಡಿನ ಉದ್ದಕ್ಕೂ ಮಾತೇ ಇಲ್ಲ ಎನ್ನಬಹುದು. ಎಮಿಲಿ ಎಂಬ ಹುಡುಗಿಯ ಜೀವದ ಗೆಳತಿ ಜೆಸ್ಸಿ. ಮರಕ್ಕೆ ಕಟ್ಟಿದ ಟೈರಿನ ಉಯ್ಯಾಲೆ, ಬಯಲು, ಬಿಸಿಲು. ಆಮೇಲೆ ಎಮಿಲಿಯ ಕೋಣೆಯ ಬಣ್ಣ ಬದಲಾಗುತ್ತದೆ. ಉಗುರಿಗೆ ಪಾಲಿಶ್, ಕಿವಿಗೆ ಫೋನು. ಜೆಸ್ಸಿ ಮಂಚದ ಕೆಳಗೆ ಜಾರಿ ಬೀಳುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ. ವರ್ಷಗಳಾದ ಮೇಲೆ ಎಮಿಲಿಯ ಕೈಗೆ ಸಿಗುತ್ತಾಳೆ. ಮತ್ತೆ ಆಟಕ್ಕೆ ಎಂದುಕೊಂಡು ಕಾರಿನಲ್ಲಿ ಹೋಗುತ್ತಾಳೆ. ಕಾರು ನಿಲ್ಲುವುದು ದಾನದ ಪೆಟ್ಟಿಗೆಯ ಮುಂದೆ. ಮೂರು ನಿಮಿಷದ ಈ ಹಾಡು ಮುಗಿದಾಗ ಮ್ಯೂಸಿಯಮ್ಮೇ ಮೇಲು ಎಂದು ನನಗೂ ಅನಿಸಿಬಿಡುತ್ತದೆ. ಅಕ್ಕ ಕೂಡ ಈ ಹಾಡಿನ ಹೊತ್ತಿಗೆ ವಾದ ನಿಲ್ಲಿಸಿ ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತಾಳೆ.

ಮ್ಯೂಸಿಯಮ್ಮೋ, ಮಗುವಿನ ಕೈಯೋ ಎಂಬ ಪ್ರಶ್ನೆ ಮೈಸೂರಿನವರಿಗೆ ಹೊಸದಲ್ಲ. ನಮ್ಮ ಮನೆಯಲ್ಲಿ ನವರಾತ್ರಿಗೆ ಬೊಂಬೆ ಕೂರಿಸುತ್ತಿದ್ದರು. ಅಟ್ಟದಿಂದ ಟ್ರಂಕು ಇಳಿಸಿ, ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿದ್ದ ಬೊಂಬೆಗಳನ್ನು ಅಜ್ಜಿ ಒಂದೊಂದಾಗಿ ಬಿಚ್ಚುತ್ತಿದ್ದರು. ಮೇಲಿನ ಮೆಟ್ಟಿಲಿಗೆ ಪಟ್ಟದ ಬೊಂಬೆಗಳು: ಅಜ್ಜಿಯ ಮದುವೆಯಲ್ಲಿ ಅವರಮ್ಮ ಕೊಟ್ಟ ರಾಜ-ರಾಣಿ. ಅವಕ್ಕೆ ಪ್ರತಿವರ್ಷ ಹೊಸ ಜರಿಬಟ್ಟೆ. ನಮಗೆ ಒಂದೇ ನಿಯಮ. "ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಬೇಡಿ." ಆ ರಾಜ-ರಾಣಿ ಇವತ್ತಿಗೂ ಮುಕ್ಕಾಗದೆ ಇದ್ದಾರೆ, ವರ್ಷಕ್ಕೆ ಹತ್ತು ದಿನ ಬೆಳಕು, ಉಳಿದಂತೆ ಟ್ರಂಕಿನ ಕತ್ತಲು. ಯಾವ ಮಗುವಿನ ಬೆವರೂ ಅವರಿಗೆ ತಾಕಿಲ್ಲ.

ಇದಕ್ಕೆ ತದ್ವಿರುದ್ಧ ನಮ್ಮ ಚನ್ನಪಟ್ಟಣದ ಕುದುರೆ. ಹಾಲೆ ಮರದ್ದು, ಕೆಂಪು-ಹಳದಿ ಅರಗಿನ ಬಣ್ಣದ್ದು, ನಾಲ್ಕು ಚಕ್ರದ್ದು. ಅಕ್ಕನಿಗೆ ಕೊಡಿಸಿದ್ದು, ನನ್ನ ಕೈಗೆ ಬರುವ ಹೊತ್ತಿಗೆ ಮೂರು ಚಕ್ರದ್ದಾಗಿತ್ತು. ಅದರ ಹೊಟ್ಟೆಯ ಅಡಿ ಅಕ್ಕ ಕೈವಾರದ ಮೊನೆಯಿಂದ ತನ್ನ ಹೆಸರಿನ ಮೊದಲ ಅಕ್ಷರ ಕೆತ್ತಿದ್ದಳು. ನಾನು ಅದನ್ನು ಅಳಿಸಲು ಹೋಗಿ, ಆಗದೆ, ಪಕ್ಕದಲ್ಲಿ ನನ್ನದನ್ನೂ ಕೆತ್ತಿದೆ. ದಸರೆಯಲ್ಲಿ ಈ ಕುದುರೆಗೆ ಮೆಟ್ಟಿಲ ಮೇಲೆ ಜಾಗವಿರಲಿಲ್ಲ. ನೆಲದ ಮೇಲೆ ಮಕ್ಕಳು ಮಾಡುವ ಪಾರ್ಕಿನಲ್ಲಿ, ಮೊಳಕೆಯೊಡೆದ ರಾಗಿ ಪೈರಿನ ನಡುವೆ, ಚಕ್ರವಿಲ್ಲದ ಕಡೆಯನ್ನು ಗೋಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದೆವು.

ಆದ್ದರಿಂದಲೇ ಏನೋ, ಈ ಸಿನಿಮಾದಲ್ಲಿ ನನ್ನ ಕಣ್ಣು ಪದೇ ಪದೇ ಹೋಗುವುದು ರಿಪೇರಿಯ ದೃಶ್ಯಕ್ಕೆ. ಹರಿದ ತೋಳು ಹೊಲಿಯಲು ಒಬ್ಬ ಮುದುಕ ಬರುತ್ತಾನೆ. ಪಿಕ್ಸಾರ್‌ಗೆ ಆಸ್ಕರ್ ತಂದ 1997ರ ಕಿರುಚಿತ್ರ 'ಗೆರೀಸ್ ಗೇಮ್'ನಲ್ಲಿ ತನ್ನ ಜೊತೆ ತಾನೇ ಚೆಸ್ ಆಡುವ ಮುದುಕ ಇವನೇ. ಇಲ್ಲಿ ಅವನ ಪೆಟ್ಟಿಗೆಯ ಒಂದು ಖಾನೆಯಲ್ಲಿ ಚೆಸ್ ಕಾಯಿಗಳು ಒಂದು ಕ್ಷಣ ಕಂಡು ಮರೆಯಾಗುತ್ತವೆ. ಪುಟಾಣಿ ಕುರ್ಚಿಯಲ್ಲಿ ವುಡಿಯನ್ನು ಕೂರಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಕಣ್ಣಿನ ಗಾಜು ಒರೆಸುತ್ತಾನೆ. ಕಿವಿ ಚೊಕ್ಕ ಮಾಡುತ್ತಾನೆ. ಸೂಜಿಗೆ ದಾರ ಪೋಣಿಸಿ ತೋಳನ್ನು ಸಣ್ಣ ಹೊಲಿಗೆಯಲ್ಲಿ ಕೂಡಿಸುತ್ತಾನೆ. ಕೆನ್ನೆಗೆ ಬಣ್ಣ, ಬೂಟಿಗೆ ಪಾಲಿಶ್. ನೋಡುತ್ತಿದ್ದರೆ ಆ ಬೆರಳುಗಳ ನಿಧಾನಕ್ಕೆ ನಮ್ಮ ಉಸಿರೂ ನಿಧಾನವಾಗುತ್ತದೆ. ಕೊನೆಗೆ ಬೂಟಿನ ಅಡಿ ಇದ್ದ ಆ್ಯಂಡಿಯ ಹೆಸರಿನ ಮೇಲೆ ಅದೇ ನಯದಿಂದ ಕಂದು ಬಣ್ಣ ಬಳಿಯುತ್ತಾನೆ. ಅಷ್ಟು ಹೊತ್ತು ನಾವು ಮೆಚ್ಚಿಕೊಂಡು ನೋಡಿದ ಕಸುಬೇ ಆ ಒಂದು ಎಳೆತದಲ್ಲಿ ಕ್ರೌರ್ಯವಾಗುತ್ತದೆ. ಇನ್ನೂ ಎಷ್ಟು ಹೊತ್ತು ಎಂದು ವುಡಿಯನ್ನು ಕದ್ದವನು ಕೇಳಿದ್ದಕ್ಕೆ, ಕಲೆಗೆ ಅವಸರ ಸಲ್ಲ ಎನ್ನುತ್ತಾನೆ ಮುದುಕ. ಇಡೀ ಸಿನಿಮಾವನ್ನು 9 ತಿಂಗಳಲ್ಲಿ ಮತ್ತೆ ಮಾಡಿದವರು ಬರೆದ ಮಾತು ಇದು. ಆ ಮಾತನ್ನು ಬರೆದವರು ಒಳಗೊಳಗೇ ನಕ್ಕಿರಬೇಕು, ಅಥವಾ ಅತ್ತಿರಬೇಕು.

ಅಳುವುದಕ್ಕೆ ಕಾರಣವೂ ಇತ್ತು. ಆ ತಿಂಗಳುಗಳಲ್ಲಿ ಹಗಲು ರಾತ್ರಿ ದುಡಿದು ತಂಡದ ಸುಮಾರು ಮೂರರಲ್ಲಿ ಒಂದು ಪಾಲು ಜನ ಕೈ, ಮಣಿಕಟ್ಟಿನ ನೋವಿಗೆ ತುತ್ತಾದರು ಎಂದು ಕ್ಯಾಟ್‌ಮಲ್ ಬರೆಯುತ್ತಾರೆ. ದಣಿದ ಕಲಾವಿದರೊಬ್ಬರು ಕೂಸನ್ನು ಶಿಶುಪಾಲನಾ ಕೇಂದ್ರಕ್ಕೆ ಬಿಡುವುದನ್ನೇ ಮರೆತು, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೇ ಬಿಟ್ಟು ಕೆಲಸಕ್ಕೆ ಹೋಗಿಬಿಟ್ಟಿದ್ದರಂತೆ. ಪುಣ್ಯಕ್ಕೆ ಸಮಯಕ್ಕೆ ಸರಿಯಾಗಿ ತಿಳಿದು ಮಗು ಉಳಿಯಿತು. ಮಕ್ಕಳ ಸಿನಿಮಾಕ್ಕಾಗಿ ಮನೆಯ ಮಗುವನ್ನೇ ಮರೆಯುವ ಸ್ಥಿತಿ ಬಂದದ್ದನ್ನು ಆ ಸಂಸ್ಥೆಯವರು ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ, ನಾವೂ ಅದನ್ನು ಶ್ರದ್ಧೆಯ ಲೆಕ್ಕಕ್ಕೆ ಬರೆಯಬಾರದು. ಎರಡನೆಯದು ಚೆನ್ನಾಗಿ ಬರಬೇಕೆಂಬ ಹಟ ಒಳ್ಳೆಯದೇ. ಆದರೆ ದಿನಾಂಕವನ್ನು ಮುಂದೂಡಲಾಗದು, ಜನರನ್ನು ಹಿಂಡಬಹುದು ಎಂಬ ಲೆಕ್ಕ ಮಾತ್ರ ಯಾವ ಕಲೆಗೂ ತಕ್ಕದ್ದಲ್ಲ.

ನಮ್ಮ ದೇಶದಲ್ಲಿ ಎರಡನೆಯ ಭಾಗಕ್ಕೆ ಮರ್ಯಾದೆ ಸಿಗದೇ ಇಲ್ಲ. ಎಂಟನೆಯ ಶತಮಾನದ ಭವಭೂತಿ ರಾಮನ ಪಟ್ಟಾಭಿಷೇಕದವರೆಗಿನ ಕತೆಯನ್ನು 'ಮಹಾವೀರಚರಿತ' ಎಂಬ ನಾಟಕ ಮಾಡಿದ. ಅದರ ಮುಂದಿನ ಕತೆಯನ್ನು 'ಉತ್ತರರಾಮಚರಿತ' ಮಾಡಿದ. ಪಂಡಿತರು ಇವತ್ತಿಗೂ ಅವನನ್ನು ಹೊಗಳುವುದು ಎರಡನೆಯದಕ್ಕೆ. ಅದರ ಮೊದಲ ಅಂಕ ನನಗೆ ಈ ಸಿನಿಮಾವನ್ನು ನೋಡಿದಾಗಲೆಲ್ಲ ನೆನಪಾಗುತ್ತದೆ. ಲಕ್ಷ್ಮಣ ಅಣ್ಣ ಅತ್ತಿಗೆಯರಿಗೆ ಚಿತ್ರಪಟ ತೋರಿಸುತ್ತಾನೆ. ವನವಾಸದ ದಿನಗಳೆಲ್ಲ ಅಲ್ಲಿ ಬಣ್ಣದಲ್ಲಿವೆ. ತಮ್ಮದೇ ಹಳೆಯ ಕತೆಯನ್ನು ಚಿತ್ರವಾಗಿ ನೋಡಿ ಸೀತೆಗೆ ಮತ್ತೆ ಆ ಕಾಡನ್ನು ಕಾಣುವ ಬಯಕೆ ಹುಟ್ಟುತ್ತದೆ, ಅವಳನ್ನು ಕಾಡಿಗೆ ಬಿಡಲು ಆ ಬಯಕೆಯೇ ನೆಪವಾಗುತ್ತದೆ. ವುಡಿಯೂ ಕಪ್ಪು ಬಿಳುಪಿನ ಟಿವಿಯಲ್ಲಿ ತನ್ನ ಹಳೆಯ ವೈಭವ ನೋಡಿಯೇ ಮರುಳಾಗುವುದು. ಭವಭೂತಿ ತನ್ನ ಹಿಂದಿನ ನಾಟಕವನ್ನು ಮತ್ತೆ ಹೇಳಲಿಲ್ಲ. ಅದು ಪಾತ್ರಗಳ ನೆನಪಾಗಿ ಅವರಿಗೇ ನೋವು ಕೊಡುವಂತೆ ಮಾಡಿದ. ಪಟ್ಟಾಭಿಷೇಕದ ಕತೆಯಲ್ಲಿ ಗೆಲ್ಲುವುದು ಹೇಗೆ ಎಂಬುದು ಪ್ರಶ್ನೆ. ಉತ್ತರದ ಕತೆಯಲ್ಲಿ, ಗೆದ್ದ ಮೇಲೆ ಕಳೆದುಕೊಂಡದ್ದರ ಜೊತೆ ಬಾಳುವುದು ಹೇಗೆ ಎಂಬುದು ಪ್ರಶ್ನೆ.

'ಟಾಯ್ ಸ್ಟೋರಿ'ಗಳ ನಡುವಿನ ಅಂತರವೂ ಇದೇ ಜಾತಿಯದು. ನನ್ನ ಜಾಗಕ್ಕೆ ಇನ್ನೊಬ್ಬ ಬಂದರೆ ಏನು ಗತಿ ಎಂದು ಮೊದಲನೆಯದು ಕೇಳುತ್ತದೆ. ಅದಕ್ಕೆ ಉತ್ತರವಿದೆ: ಹಂಚಿಕೊಳ್ಳಬಹುದು. ಎರಡನೆಯದು ಕೇಳುವ ಪ್ರಶ್ನೆಗೆ ಅಂಥ ಸುಲಭದ ಉತ್ತರವಿಲ್ಲ. ಆ್ಯಂಡಿ ಬೆಳೆಯುತ್ತಾನೆ, ಒಂದು ದಿನ ಆಟ ನಿಲ್ಲಿಸುತ್ತಾನೆ. ಅದು ಗೊತ್ತಿದ್ದೂ ಈಗ ಆಡುತ್ತೀಯಾ? ವುಡಿ ಹಿಂತಿರುಗುತ್ತಾನೆ. ಬೂಟಿನ ಬಣ್ಣ ಉಜ್ಜಿ ಆ್ಯಂಡಿಯ ಹೆಸರನ್ನು ಮತ್ತೆ ತೆಗೆಯುತ್ತಾನೆ. ಆ್ಯಂಡಿ ದೊಡ್ಡವನಾಗುವುದನ್ನು ತಡೆಯಲಾರೆ, ಆದರೆ ಅದನ್ನು ಕಣ್ಣಾರೆ ನೋಡುವುದನ್ನು ಬಿಡಲಾರೆ ಎಂಬುದು ಅವನ ನಿಲುವು. ಈ ಪ್ರಶ್ನೆ ಹುಟ್ಟಲು ಮೊದಲನೆಯ ಕತೆ ಮುಗಿದಿರಬೇಕು, ಬೊಂಬೆಗಳ ಜೊತೆ ನಮಗೂ ನಾಲ್ಕು ವರ್ಷ ಕಳೆದಿರಬೇಕು. ಎರಡನೆಯ ಭಾಗಕ್ಕೆ ಮಾತ್ರ ಸಾಧ್ಯವಾದದ್ದು ಅದು. ಮೊದಲನೆಯದು ಎಷ್ಟೇ ಚೆನ್ನಾಗಿದ್ದರೂ ಕಾಲದ ಬಗ್ಗೆ ಮಾತಾಡಲು ಅದಕ್ಕೆ ವಯಸ್ಸೇ ಆಗಿರಲಿಲ್ಲ.

ಜನರೂ ಇದನ್ನು ಒಪ್ಪಿದರು. ಮೊದಲನೆಯದರ ಗಳಿಕೆ ಜಗತ್ತಿನಾದ್ಯಂತ ಸುಮಾರು 37 ಕೋಟಿ ಡಾಲರ್. ಎರಡನೆಯದು 50 ಕೋಟಿಯ ಹತ್ತಿರ ಹೋಯಿತು, ಗೋಲ್ಡನ್ ಗ್ಲೋಬ್‌ನಲ್ಲಿ ವರ್ಷದ ಅತ್ಯುತ್ತಮ ಸಂಗೀತ-ಹಾಸ್ಯ ಚಿತ್ರವೆಂಬ ಪ್ರಶಸ್ತಿಯನ್ನೂ ತಂದಿತು. ಇಷ್ಟಾದರೂ ಡಿಸ್ನಿ ಜೊತೆಗಿನ ಕರಾರಿನಲ್ಲಿ ಪಿಕ್ಸಾರ್ ಕೊಡಬೇಕಿದ್ದ ಸಿನಿಮಾಗಳ ಲೆಕ್ಕಕ್ಕೆ ಇದು ಸೇರಲಿಲ್ಲ. ಕಾರಣ, ಎರಡನೆಯ ಭಾಗ ಲೆಕ್ಕಕ್ಕಿಲ್ಲ ಎಂದು ಕರಾರಿನಲ್ಲೇ ಬರೆದಿತ್ತು! ಇದನ್ನು ಓದಿದಾಗ ನನಗಾದ ಸಿಟ್ಟನ್ನು ಎಲ್ಲ ತಮ್ಮ ತಂಗಿಯರೂ ಅರ್ಥಮಾಡಿಕೊಳ್ಳುತ್ತಾರೆ ಎಂದು ನಂಬಿದ್ದೇನೆ. ಎರಡೂ ಕಂಪನಿಗಳ ಸಂಬಂಧ ಹಳಸಿ, ಡಿಸ್ನಿ ಬೇರೊಂದು ಸ್ಟುಡಿಯೊ ತೆರೆದು ಪಿಕ್ಸಾರ್ ಇಲ್ಲದೆಯೇ ಮೂರನೆಯ ಭಾಗ ಮಾಡಲು ಹೊರಟಿತ್ತು. 2006ರಲ್ಲಿ 740 ಕೋಟಿ ಡಾಲರಿಗೆ ಪಿಕ್ಸಾರನ್ನೇ ಕೊಂಡಮೇಲೆ ಆ ಸ್ಟುಡಿಯೊ ಮುಚ್ಚಿತು, ಆ ಕತೆ ಮೂಲೆ ಸೇರಿತು.

2010ರಲ್ಲಿ ಬಂದ 'ಟಾಯ್ ಸ್ಟೋರಿ 3' ಎರಡನೆಯದು ಕೊಟ್ಟ ಮಾತನ್ನು ಉಳಿಸಿಕೊಂಡಿತು. ಆ್ಯಂಡಿ ನಿಜಕ್ಕೂ ಬೆಳೆದು ಕಾಲೇಜಿಗೆ ಹೊರಡುತ್ತಾನೆ. ಮೊದಲನೆಯದರಲ್ಲಿ ಪುಟ್ಟ ಆ್ಯಂಡಿಗೆ ದನಿ ಕೊಟ್ಟ ಜಾನ್ ಮಾರಿಸ್ ಎಂಬ ಹುಡುಗನೇ ಬೆಳೆದು ಇಲ್ಲೂ ದನಿ ಕೊಟ್ಟ. ಅಕ್ಕ ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ವಾರ ಈ ಮೂರನೆಯದನ್ನು ನೋಡಿ ಫೋನ್ ಮಾಡಿದಳು. ಆ ದಿನ ನಾವಿಬ್ಬರೂ ಯಾವುದು ಮೇಲು ಎಂಬ ಮಾತೆತ್ತಲಿಲ್ಲ. 2019ರ ನಾಲ್ಕನೆಯದು ಚೆನ್ನಾಗಿಯೇ ಇದೆ, ಆಸ್ಕರ್ ಕೂಡ ಪಡೆಯಿತು. ಆದರೆ ಅದು ಕೇಳುವ ಪ್ರಶ್ನೆಗೆ ಮೂರನೆಯದರ ಕೊನೆಯಲ್ಲೇ ಅರ್ಧ ಉತ್ತರ ಸಿಕ್ಕಿತ್ತು ಎಂದು ನನ್ನ ಅನಿಸಿಕೆ. ವಕೀಲೆಯಾದರೂ ಎಲ್ಲ ಕಕ್ಷಿದಾರರ ಪರವಾಗಿಯೂ ಒಂದೇ ದನಿಯಲ್ಲಿ ವಾದಿಸಲಾಗದು.

ಈಗಂತೂ ಎರಡನೆಯವರದೇ ಕಾಲ. 2024ರಲ್ಲಿ 'ಇನ್‌ಸೈಡ್ ಔಟ್ 2' ಸುಮಾರು 170 ಕೋಟಿ ಡಾಲರ್ ಗಳಿಸಿ ಅಲ್ಲಿಯವರೆಗಿನ ಅನಿಮೇಷನ್ ಚಿತ್ರಗಳನ್ನೆಲ್ಲ ಹಿಂದೆ ಹಾಕಿತು. ಮರುವರ್ಷ ಚೀನಾದ 'ನೆ ಝಾ 2' ಅದನ್ನೂ ಮೀರಿ 200 ಕೋಟಿ ದಾಟಿತು. ಗೆಲ್ಲುತ್ತಿರುವವರು ನಮ್ಮವರೇ ಆದರೂ ನನಗೆ ಪೂರ್ತಿ ಖುಷಿಯಿಲ್ಲ. ಹೆಸರು ಪರಿಚಯದ್ದು ಎಂಬ ಕಾರಣಕ್ಕೆ ಗೆಲ್ಲುವುದಾದರೆ ಅದು ಅಕ್ಕನ ಹೆಸರು ಹೇಳಿ ಸೀಟು ಗಿಟ್ಟಿಸಿದಂತಾಯಿತು. ಎರಡನೆಯದನ್ನು ಅಳೆಯುವಾಗ ನಾನು ಕೇಳುವ ಪ್ರಶ್ನೆ ಇಷ್ಟೇ: ಮೊದಲನೆಯದಕ್ಕೆ ಕೇಳಲು ಸಾಧ್ಯವೇ ಇರದಿದ್ದ ಯಾವುದನ್ನು ಇದು ಕೇಳಿತು? ಏನೂ ಇಲ್ಲ ಎಂದಾದರೆ ಅದು ನಕಲು, ಎಷ್ಟು ಕೋಟಿ ತಂದರೂ ಸರಿ.

ಈ ಅಳತೆಯಲ್ಲಿ 'ಟಾಯ್ ಸ್ಟೋರಿ 2' ಮೊದಲನೆಯದಕ್ಕೆ ಸಮ ಎಂದರೂ ಕಡಿಮೆಯಾಯಿತು. ಒಂದು ತೂಕ ಮೇಲೆಯೇ. ಮನೆಯಲ್ಲಿ ಮಕ್ಕಳಿದ್ದರೆ ಎರಡನ್ನೂ ತೋರಿಸಿ, ಆದರೆ ಅನುಕ್ರಮ ತಪ್ಪಿಸಬೇಡಿ. ಮೊದಲನೆಯದನ್ನು ನೋಡದೆ ಎರಡನೆಯದರ ಬೆಲೆ ತಿಳಿಯುವುದಿಲ್ಲ. ಈ ಒಂದು ವಿಷಯದಲ್ಲಿ ಅಕ್ಕನ ಮಾತು ಸರಿ, ಮತ್ತು ಇಷ್ಟನ್ನು ಮಾತ್ರ ಒಪ್ಪುತ್ತೇನೆ.